ಬಾಗಿಲಲ್ಲಿ ಸಿಕ್ಕ ಚುಕ್ಕಿ

ಕಾಗದದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಬೆಟಗೇರಿಯಲ್ಲಿ ನನ್ನದೊಂದು ಪುಟ್ಟ ಮುದ್ರಣಾಲಯವಿತ್ತು. ಲಗ್ನಪತ್ರಿಕೆ, ನಾಟಕದ ಜಾಹೀರಾತು, ಕರ್ನಾಟಕ ಏಕೀಕರಣ ಸಭೆಯ ಕರಪತ್ರ ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಕಾಗದ ನನ್ನ ಮಾತು ಕೇಳುತ್ತದೆ ಎಂದುಕೊಂಡಿದ್ದೆ. ಅದು ಅಲ್ಲಿಯವರೆಗೆ ಸುಮ್ಮನಿತ್ತು, ಅಷ್ಟೇ!

ಆ ವರ್ಷ ನಮ್ಮ ಮಗಳು ಹುಟ್ಟಿದಳು. ಹೆರಿಗೆ ಬಹಳ ಕಷ್ಟವಾಗಿತ್ತು. ಪಕ್ಕದ ಮನೆಯ ನರ್ಸ್ ಸುವಾರ್ತಮ್ಮ ನನ್ನ ಹೆಂಡತಿ ನೀಲವ್ವನ ಬಳಿಯೇ ಕುಳಿತು ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟರು. ಏನು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಹೀಗಾಗಿ ಡಿಸೆಂಬರಿನಲ್ಲಿ ಅವರು, "ಕ್ರಿಸ್‌ಮಸ್ ಚುಕ್ಕಿ ಇಲಿ ತಿಂದಾವ್ರಿ. ಈ ಸಲ ಬಾಗಲಾ ಬಣಬಣ ಕಾಣತೈತಿ" ಎಂದಾಗ ನನ್ನೆದೆ ಉಬ್ಬಿತು.

"ಅಕ್ಕಾರ, ಅದನ್ನ ನನಗ ಬಿಡ್ರಿ!"

ಅವರು ಉಳಿದಿದ್ದ ಅಂಗೈಯಗಲದ ಚುಕ್ಕಿಯೊಂದನ್ನು ತೋರಿಸಿದರು. ಐದು ಮೂಲೆಯ ಎರಡು ಕಾಗದದ ಚುಕ್ಕಿಗಳು. ಒಂದಕ್ಕೆ ಮೇಲಿನಿಂದ ನಡುವಿನವರೆಗೆ ಸೀಳು, ಇನ್ನೊಂದಕ್ಕೆ ಕೆಳಗಿನಿಂದ. ಒಂದರೊಳಗೊಂದು ಅಡ್ಡ ಸಿಕ್ಕಿಸಿದರೆ ಎತ್ತ ನೋಡಿದರೂ ಚುಕ್ಕಿಯೇ. "ಅಂಟು ಹಚ್ಚಬ್ಯಾಡ್ರಿ. ಬೇಕಾದಾಗ ಬಿಚ್ಚಿ ಇಡಬಹುದು" ಎಂದರು. ನಾನು ಕೇಳಿಸಿಕೊಂಡಿದ್ದರೆ ತಾನೇ! ನನ್ನ ಕಣ್ಣ ಮುಂದೆ ಆಗಲೇ ಆಳೆತ್ತರದ ಚುಕ್ಕಿಯೊಂದು ಎಳೆಬಿಸಿಲಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು. ನೇಕಾರರ ಓಣಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿ ಅದನ್ನೇ ನೋಡುತ್ತಿದ್ದವು.

ಸಭೆಯ ಫಲಕಗಳಿಗೆಂದು ತರಿಸಿ ಉಳಿದಿದ್ದ ದಪ್ಪ ಕಾಗದವನ್ನು ಮನೆಯ ನಡುಮನೆಯಲ್ಲಿ ಹಾಸಿ ಎರಡು ಭವ್ಯ ಚುಕ್ಕಿಗಳನ್ನು ಕತ್ತರಿಸಿದೆ. ಕನಸಿನಲ್ಲಿದ್ದವನು ಎರಡಕ್ಕೂ ಮೇಲಿನಿಂದಲೇ ಸೀಳು ಹಾಕಿಬಿಟ್ಟೆ. ಒಂದನ್ನು ತಿರುಗಿಸಿ ಸಿಕ್ಕಿಸಿದೆ. ಕೂಡಿದವು. ಆದರೆ ಒಂದು ನೆಟ್ಟಗೆ ನಿಂತಿದ್ದರೆ ಇನ್ನೊಂದು ಶೀರ್ಷಾಸನ ಹಾಕಿತ್ತು! ಬಿಚ್ಚಿ, ಒಂದಕ್ಕೆ ಕೆಳಗಿನಿಂದಲೂ ಸೀಳಿದೆ. ಎರಡು ಸೀಳುಗಳು ನಡುವೆ ಭೇಟಿಯಾದವು. ಚುಕ್ಕಿ ಎರಡು ಹೋಳಾಗಿ ನೆಲಕ್ಕೆ ಬಿತ್ತು.

ಬಾಗಿಲಲ್ಲಿ ನಿಂತಿದ್ದ ನೀಲವ್ವ, "ನಾಡು ಕೂಡಸಬೇಕು ಅಂತ ಊರ ತುಂಬ ಕಾಗದ ಹಂಚ್ತೀರಿ. ಎರಡು ಕಾಗದ ಕೂಡಸಾಕ ಬರವೊಲ್ದಲ್ರೀ ನಿಮಗ!" ಎಂದಳು.

ಮಾತು ನಿಜವೇ ಆಗಿತ್ತು. ನಾನು ಮತ್ತೆ ಹೊಸ ಕಾಗದ ಹಾಸಿದೆ.

ಕ್ರಿಸ್‌ಮಸ್ ದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಚುಕ್ಕಿ ಸಿದ್ಧವಾಯಿತು. ಭದ್ರವಾಗಿರಲೆಂದು ಸಂದುಸಂದಿಗೂ ಮೈದಾ ಅಂಟು ಮೆತ್ತಿದೆ. ಜಂತಿಗೆ ತೂಗುಹಾಕಿ ಅದರ ಕೆಳಗೇ ಚಾಪೆ ಹಾಸಿ ಮಲಗಿದೆ. ಬೆಳಕಿಂಡಿಯ ಬಿಸಿಲು ಬಿದ್ದು ಚುಕ್ಕಿ ತಿರುಗಿದಂತೆಲ್ಲ ಗೋಡೆಯ ಮೇಲೆ ನೆರಳುಗಳು ಹಕ್ಕಿಗಳಂತೆ ತೇಲಿದವು. ಮಗಳು ತೊಟ್ಟಿಲಿನಿಂದ ಅದನ್ನೇ ನೋಡುತ್ತ ಸಣ್ಣಗೆ ನಕ್ಕಳು. ಜನ್ಮ ಸಾರ್ಥಕವಾಯಿತು!

"ಖರೇನ ಚಂದ ಆಗೇತ್ರಿ" ಎಂದಳು ನೀಲವ್ವ. "ಇದನ್ನ ಹೊರಗ ಹ್ಯಾಂಗ ಒಯ್ತೀರಿ?"

ನಾನು ಬಾಗಿಲನ್ನು ನೋಡಿದೆ. ಚುಕ್ಕಿಯನ್ನು ನೋಡಿದೆ. ಮತ್ತೆ ಬಾಗಿಲನ್ನು ನೋಡಿದೆ.

"ಬಿಚ್ಚಿ ಒಯ್ರಿ."

"ಅಂಟು ಹಚ್ಚೇನಿ."

ಅಡ್ಡ ಹಿಡಿದೆವು, ಓರೆ ಹಿಡಿದೆವು. ಕೊನೆಗೆ ನಾನು ಹೊರಗಿನಿಂದ ಎಳೆದೆ, ಅವಳು ಒಳಗಿನಿಂದ ನೂಕಿದಳು. ಪರ್ರ್ ಎಂದಿತು! ನಾನು ಚುಕ್ಕಿಯೊಡನೆ ಅಂಗಳದಲ್ಲಿ ಬಿದ್ದಿದ್ದೆ. ಅದರ ಎರಡು ಕೈಗಳು ಒಳಗೆ ನೀಲವ್ವನ ಬಳಿಯೇ ಉಳಿದಿದ್ದವು.

ಗಾಯಾಳುವನ್ನು ಹೊತ್ತು ಪಕ್ಕದ ಮನೆಗೆ ಹೋದೆ. ಹಿಂದೆಯೇ ನೀಲವ್ವ ಮುರಿದ ಕೈಗಳನ್ನು ತಂದಳು. ಸುವಾರ್ತಮ್ಮ ನಗಲಿಲ್ಲ. ಚುಕ್ಕಿಯನ್ನು ಮಂಚದ ಮೇಲೆ ಮಲಗಿಸಿ, ಗಾಯಕ್ಕೆ ಸುತ್ತುವ ಬಿಳಿ ಪಟ್ಟಿ ತಂದು ಎರಡೂ ಕೈಗಳನ್ನು ಒಪ್ಪವಾಗಿ ಕಟ್ಟಿದರು. "ಹೆದರಬ್ಯಾಡ್ರಿ, ಬದುಕತೈತಿ" ಎಂದರು.

ಸಂಜೆ ಅವರ ಬಾಗಿಲ ಮುಂದೆ, ಲಾಟೀನಿನ ಬೆಳಕಿನಲ್ಲಿ, ಬ್ಯಾಂಡೇಜು ಕಟ್ಟಿಕೊಂಡ ಚುಕ್ಕಿ ತಣ್ಣನೆಯ ಗಾಳಿಗೆ ಮೆಲ್ಲಗೆ ತಿರುಗಿತು. ಥೇಟ್ ನನ್ನ ಕನಸಿನಂತೆಯೇ ಎಂದು ನಾನು ಮೈಮರೆತು ನಿಂತಿದ್ದೆ. ಅಷ್ಟರಲ್ಲಿ ಮುಂಡರಗಿಯಿಂದ ಬಂದಿದ್ದ ಅವರ ಹಿರಿಯ ನೆಂಟರೊಬ್ಬರು ಕನ್ನಡಕ ಏರಿಸಿ ಚುಕ್ಕಿಯನ್ನು ದಿಟ್ಟಿಸಿದರು.

"ಯಾವ ಹುಡುಗ ಮಾಡ್ಯಾನವಾ ಇದನ್ನ? ಸಣ್ಣ ಕೈ, ಪಾಪ. ವಯಸ್ಸಿನ ಮಾನಕ್ಕ ಭಾಳ ಚಲೋ ಮಾಡ್ಯಾನ."

ಸುವಾರ್ತಮ್ಮ ನನ್ನ ಕಡೆ ನೋಡಲಿಲ್ಲ. "ಬಾಜೂ ಮನಿ ಹುಡುಗ ಮಾಡ್ಯಾನ್ರಿ" ಎಂದರು.

"ಅವಗ ಇದನ್ನ ಕೊಡವಾ" ಎಂದು ಹಿರಿಯರು ಹಬ್ಬದ ತಿಂಡಿಯ ತಟ್ಟೆಯಿಂದ ದೊಡ್ಡದೊಂದು ಕರ್ಚಿಕಾಯಿ ಆರಿಸಿ ಕೊಟ್ಟರು.

ಮೂವತ್ತೈದು ದಾಟಿದ ಆ ಹುಡುಗ ಅದನ್ನು ಇಸಿದುಕೊಂಡು, ಕಂಬದ ಮರೆಗೆ ಹೋಗಿ, ಚೂರೂ ಬಿಡದೆ ತಿಂದ.