ಹೆಸರು ಕೇಳದೆ ಒಳಗೆ ಬಿಡದವರು

ನಮ್ಮ ಆಫೀಸಿನ ಹಿರಿಯರೊಬ್ಬರ ಹತ್ತಿರ ಒಂದು ಪೆನ್ನು ಬೇಕಾದರೂ ಮೊದಲು ನಿಮ್ಮ ವಂಶಾವಳಿ ಒಪ್ಪಿಸಬೇಕಿತ್ತು! ಯಶವಂತಪುರದ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರು, ಹುಬ್ಬಳ್ಳಿ ಕಡೆಯವರು. ನಿವೃತ್ತರಾಗಿ ಎರಡು ವರ್ಷವಾಯಿತು. ಈಗ ನಮ್ಮಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

"ಯಾವೂರಪಾ ನಿಂದು? ಮನ್ಯಾಗ ಯಾರ್ಯಾರು ಅದಾರ?" ಇದು ಅವರ ನಮಸ್ಕಾರ. ಒಂದು ಸಹಿಗೆ ಬಂದ ಕೊರಿಯರ್‌ನವನು ಅರ್ಧ ಗಂಟೆ ಕೂತ. ಮರುತಿಂಗಳು ತಂಗಿಯ ಲಗ್ನಪತ್ರಿಕೆ ತಂದ! ನಾನೇನು ತಪ್ಪಿಸಿಕೊಂಡೆನೇ? ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ದಿನವೇ ಎಲ್ಲ ಬಾಯಿಬಿಟ್ಟಿದ್ದೆ. ಕೆಲಸ ಕಾಯಂ ಆದರೆ ಮಾತ್ರ ಮಗಳನ್ನು ಕೊಡುತ್ತೇನೆಂದು ಬ್ಯಾಟರಾಯನಪುರದ ಒಬ್ಬರು ಹೇಳಿದ್ದನ್ನೂ ಸಹ.

ಕಾಯಂ ಆಗಲು ಒಂದೇ ವಾರವಿತ್ತು. ಕೈ ಸುಮ್ಮನಿರಬೇಕಲ್ಲ! ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಡೇಟಾಬೇಸ್ ಸರ್ವರ್ ರೀಸ್ಟಾರ್ಟ್ ಮಾಡಿದೆ. ನಮ್ಮ ಕೋಣೆಯಲ್ಲಿ ಸರಾಗವಾಗಿ ಓಡಿತು. ಯಲಹಂಕ, ಅಲ್ಲಾಳಸಂದ್ರ, ಅದೇ ಕಡೆಯ ಸಿಂಗಾಪುರದ ಶಾಖೆಗಳಲ್ಲಿ ಮಾತ್ರ ಒಬ್ಬ ರೋಗಿಯ ವಿವರ ತೆರೆಯಲು ನಿಮಿಷಗಟ್ಟಲೆ! ಶುಗರ್ ಟೆಸ್ಟಿಗೆ ಬಂದವರೆಲ್ಲ ಖಾಲಿ ಹೊಟ್ಟೆಯಲ್ಲಿ ಸಾಲುಗಟ್ಟಿದ್ದರು. ಹಸಿದವರ ಕೋಪ ಗೊತ್ತಲ್ಲ?

"ಲೈನ್ ಸ್ಲೋ ಇರ್ಬೇಕು ಸರ್," ಎಂದೆ.

"ಲೈನ್ ಚಲೋ ಐತಿ. ಇದಕ್ಕೂ ನನ್ನ ಚಾಳೀನ ಐತಿ ನೋಡು," ಎಂದು ನಕ್ಕರು.

ವಿಷಯ ಇಷ್ಟೇ. ಹೊರಗಿನಿಂದ ಯಾವ ಕಂಪ್ಯೂಟರ್ ಬಂದರೂ ನಮ್ಮ ಸರ್ವರ್ ಅದರ ಹೆಸರನ್ನು ಇನ್ನೊಂದು ಯಂತ್ರದ ಬಳಿ ವಿಚಾರಿಸುತ್ತಿತ್ತು. ಆ ಯಂತ್ರವನ್ನು ಹಿಂದಿನ ವಾರವೇ ತೆಗೆದುಹಾಕಿದ್ದರು. ಹಳೆಯ ಹೆಸರುಗಳು ನೆನಪಿದ್ದುದರಿಂದ ಅಷ್ಟು ದಿನ ನಡೆದಿತ್ತು. ರೀಸ್ಟಾರ್ಟ್ ಮಾಡಿ ಆ ನೆನಪನ್ನು ನಾನು ಅಳಿಸಿದ್ದೆ. ಈಗ ಅದು ಪ್ರತಿಯೊಬ್ಬರ ಹೆಸರು ಕೇಳಿ, ಬಾರದ ಉತ್ತರಕ್ಕೆ ಕಾಯುತ್ತ ಕೂತಿತ್ತು.

"ಹೆಸರು ಕೇಳೋದನ್ನೇ ಆಫ್ ಮಾಡ್ಬಿಡೋಣ ಸರ್. ಒಂದೇ ಲೈನ್ ಕೆಲ್ಸ."

"ಹೆಸರು ಕೇಳದ ಒಳಗ ಬಿಡೂದಾ? ಇದೇನು ಬಸ್ ಸ್ಟ್ಯಾಂಡಾ?" ಎಂದವರೇ ಹನ್ನೊಂದೂ ಶಾಖೆಗಳ ಹೆಸರು, ನಂಬರುಗಳನ್ನು ಬಾಯಿಪಾಠದಿಂದಲೇ ಸರ್ವರಿನೊಳಗೆ ಬರೆದರು. ಸಾಲು ಕರಗತೊಡಗಿತು.

ಆಗ ಬಂದರು ಮ್ಯಾನೇಜರ್. "ರೀಸ್ಟಾರ್ಟ್ ಮಾಡಿದ್ದು ಯಾರ್ರೀ?"

ನಾನು ಕೀಬೋರ್ಡಿನತ್ತ ಬಗ್ಗಿದೆ.

"ನಾನ್ರೀ," ಎಂದರು ನಮ್ಮವರು.

ಸಂಜೆ ಅವರ ಹೆಸರಿಗೆ ಮೆಮೋ ಬಂತು. ಅಷ್ಟು ವರ್ಷಗಳ ಸರ್ವೀಸಿನಲ್ಲಿ ಅದೇ ಮೊದಲನೆಯದಂತೆ. ನನಗೆ ಅಳುವೇ ಬಂತು. "ನೀವ್ಯಾಕೆ ಸರ್ ಹಂಗಂದ್ರಿ?"

"ಮತ್ತ ಆ ಹುಡುಗಿ ಅಪ್ಪಗ ಏನ್ ಹೇಳ್ತಿದ್ದಿ?"

ಮೂರು ತಿಂಗಳಲ್ಲಿ ಅವರು ನನ್ನನ್ನು ಕೇಳದೆ ಬಿಟ್ಟದ್ದು ಏನೂ ಇರಲಿಲ್ಲ. ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ತುಂಬ ನಾಚಿಕೆಯಾಯಿತು.

"ಸರ್, ನಿಮ್ದು ಯಾವೂರು? ಮನೇಲಿ ಯಾರ್ಯಾರಿದ್ದಾರೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.