ಒಂದು ಮನೆಗೆ ಒಂದೇ ಕುಕ್ಕರ್

ಹೊಸ ಖಾತೆ ತೆರೆದವರಿಗೆ ಇವತ್ತೊಂದೇ ದಿನ ಕುಕ್ಕರ್ ಉಚಿತ ಎಂದು ಅಂಕಲಿಯ ಹೊಸ ಬ್ಯಾಂಕಿನವರು ಬೋರ್ಡು ಹಾಕಿದ್ದೇ ತಡ, ಮುರಗೆಪ್ಪ ಕಬ್ಬಿಗೆ ನೀರು ಹಾಯಿಸುವುದನ್ನೂ ಬಿಟ್ಟು ಆಧಾರ್ ಕಾರ್ಡು ಹುಡುಕಲು ಮನೆಗೆ ಓಡಿದ. ಖಾತೆ ತೆರೆಯುವುದರಲ್ಲಿ ಅವನದು ಪಳಗಿದ ಕೈ. ನಿಪ್ಪಾಣಿಯ ಒಂದು ಖಾತೆಯಿಂದ ಗೋಡೆ ಗಡಿಯಾರ, ರಾಯಬಾಗದ ಇನ್ನೊಂದರಿಂದ ಐನೂರು ರೂಪಾಯಿ ಬೋನಸ್, ಮೊಬೈಲಿನಲ್ಲೇ ತೆರೆದ ಮತ್ತೊಂದರಿಂದ ಸಿನಿಮಾ ಟಿಕೆಟು ಅವನಿಗೆ ದಕ್ಕಿದ್ದವು. ಖಾತೆಗಳಲ್ಲಿ ಮಾತ್ರ ದುಡ್ಡಿರಲಿಲ್ಲ.

ಈ ಸಲ ತಮ್ಮ ಸಂಜಯನನ್ನೂ ಎಳೆದುಕೊಂಡು ಹೋದ. ಕೌಂಟರಿನಲ್ಲಿದ್ದ ಅಧಿಕಾರಿ ಅಮಿತ ಇಬ್ಬರ ಕಾರ್ಡುಗಳನ್ನೂ ನೋಡಿದ.

“ಅಡ್ರೆಸ್ ಒಂದ ಐತಲ್ರಿ. ಒಂದ ಮನಿಗೆ ಒಂದ ಕುಕ್ಕರ್ ರೀ.”

“ಅಡ್ರೆಸ್ ಒಂದ ಇದ್ರೇನಾತ್ರಿ ಸಾಹೇಬ್ರ? ನಾವು ಬ್ಯಾರೆ ಆಗೀವಿ,” ಎಂದ ಮುರಗೆಪ್ಪ, ರೆಪ್ಪೆ ಕೂಡ ಬಡಿಯದೆ. “ಒಲಿ ಬ್ಯಾರೆ, ಉಪ್ಪು ಬ್ಯಾರೆ.”

ಸಂಜಯ ಬಾಯಿ ತೆರೆದ. ಅಣ್ಣ ಅವನ ಕಾಲು ತುಳಿದ. ತೆರೆದ ಬಾಯಿ ಮುಚ್ಚಿಕೊಂಡಿತು.

ಅವರ ಹಿಂದೆ ಪಾಳಿಯಲ್ಲಿ ನಿಂತಿದ್ದವರು ಬಾಪುಸಾಹೇಬ ಕಾಕಾ. ಊರಿನಲ್ಲಿ ಯಾರ ಮನೆ ಒಡೆದರೂ ಪಾಲು ಹಂಚುವ ಹಿರಿತನ ಅವರದೇ. ಬಹಳ ದಿನಗಳಿಂದ ಯಾವ ಮನೆಯೂ ಒಡೆಯದೆ ಅವರ ಕೈ ತುರಿಸುತ್ತಿತ್ತು. ಸದ್ದಿಲ್ಲದೆ ಪಾಳಿಯಿಂದ ಜಾರಿದರು.

ಅಣ್ಣತಮ್ಮಂದಿರು ಎರಡು ಕುಕ್ಕರ್ ಹೊತ್ತು ಬಂದಾಗ ಅಂಗಳದ ತುಂಬ ಜನ. ಕಾಕಾ ಟೇಪು ಹಿಡಿದು ಪಡಸಾಲೆ ಅಳೆಯುತ್ತಿದ್ದರು. ಅಥಣಿಗೆ ಮದುವೆಯಾಗಿ ಹೋಗಿದ್ದ ತಂಗಿ ಫೋನು ಮಾಡಿ ತನ್ನ ಪಾಲು ಕೇಳಿಯಾಗಿತ್ತು. ಮುರಗೆಪ್ಪನ ಹೆಂಡತಿ ಕಾಶಿಬಾಯಿ, ಸಂಜಯನ ಹೆಂಡತಿ ಸ್ನೇಹಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು.

“ಸ್ನೇಹಲನ್ನ ಮಗಳಂಗ ನೋಡ್ಕೊಂಡೀನಿ. ನನಗೊಂದ ಮಾತ ಕೇಳದ ಮನಿ ಒಡದ್ರೇನ್ರಿ?” ಎಂದು ಕಾಶಿಬಾಯಿ ಗಂಡನ ಮೇಲೆ ಎರಗಿದಳು.

ಮುರಗೆಪ್ಪ ಹೊತ್ತಿದ್ದ ಕುಕ್ಕರನ್ನು ಅಲ್ಲೇ ಕೆಳಗಿಟ್ಟ. ತಮ್ಮದು ಒಂದೇ ಒಲೆಯ ಮನೆ ಎಂದು ಊರಲ್ಲೆಲ್ಲ ಎದೆಯುಬ್ಬಿಸಿ ತಿರುಗುತ್ತಿದ್ದವನು ಅವನು. ಆ ಮನೆಯೇ ಈಗ ಕೈಬಿಟ್ಟು ಹೋಗುವಂತಿತ್ತು. ಓಣಿಗೆಲ್ಲ ಕೇಳುವಂತೆ ಕೂಗಿದ:

“ಯಾರೂ ಬ್ಯಾರೆ ಆಗಿಲ್ಲೋ! ಕುಕ್ಕರ್ ಸಲುವಾಗಿ ಸುಳ್ಳ ಹೇಳೇನಿ!”

ಕಾಕಾ ಬೇಸರದಿಂದ ಟೇಪು ಸುತ್ತಿಕೊಂಡರು. ಕಾಶಿಬಾಯಿ ಕಣ್ಣೊರೆಸಿಕೊಂಡು ನಕ್ಕಳು. ಜನರಿಗೆ ನಂಬಿಕೆ ಬರಲೆಂದು ಅಣ್ಣತಮ್ಮಂದಿರು ಅಂಗಳದಲ್ಲೇ ಕೂತು ಒಂದೇ ಗಂಗಾಳದಲ್ಲಿ ಜುಣಕ, ರೊಟ್ಟಿ ತಿಂದರು.

“ಹಂಗಾದ್ರ ಒಂದ ಕುಕ್ಕರ್ ವಾಪಸ್ ಕೊಡ್ರಿ.”

ಬಾಗಿಲಲ್ಲಿ ಅಮಿತ ನಿಂತಿದ್ದ. ಹೊಸ ಖಾತೆದಾರರ ಮನೆ ನೋಡಿ ಹೋಗಲು ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಇಬ್ಬರಾಗ ಯಾರದ್ದ ಒಯ್ಯಲ್ರಿ?”

“ಸಂಜಯಂದ ಒಯ್ರಿ. ಹಿರೇರದ್ದ ಇರ್ಲಿ,” ಎಂದಳು ಕಾಶಿಬಾಯಿ, ಸಹಜವಾಗಿ.

ಸ್ನೇಹಲಳ ಮುಖ ಕೆಂಪಾಯಿತು. “ಯಾಕ್ರಿ ಅಕ್ಕಾರ? ಎಲ್ಲಾದ್ರಾಗೂ ನಮ್ದ ಹೋಗಬೇಕೇನ್ರಿ? ದೀಪಾವಳಿ ಸೀರೀನೂ ನೀವ ಮೊದಲ ಆರಿಸಿದ್ರಿ.”

“ಸೀರಿ ಲೆಕ್ಕ ಇಟ್ಟೀಯೇನ? ಹಂಗಾರ ಎಮ್ಮಿ ಹಾಲಿನ ಲೆಕ್ಕಾನೂ ತಗೀಲೇನ?”

ಸೀರೆಯಿಂದ ಹಾಲಿಗೆ, ಹಾಲಿನಿಂದ ತವರುಮನೆಗೆ ಮಾತು ಬೆಳೆಯಿತು. ಮುರಗೆಪ್ಪ ಹೆಂಡತಿಯ ಪರವಾಗಿ ಒಂದು ಮಾತಾಡಿದ. ಸಂಜಯ ತನ್ನ ಹೆಂಡತಿಯ ಪರವಾಗಿ ಎರಡಾಡಿದ. ಹೊತ್ತು ಮುಳುಗುವಷ್ಟರಲ್ಲಿ ಇಬ್ಬರ ಗಂಟಲೂ ಒಡೆದಿತ್ತು.

“ಸಾಕ, ದಾದಾ,” ಎಂದ ಸಂಜಯ. “ಬ್ಯಾಂಕಿನ್ಯಾಗ ನೀ ಅಂದಿದ್ದ ಖರೆ ಆಗ್ಲಿ. ನಾಳಿಂದ ನಮ್ಮ ಒಲಿ ಬ್ಯಾರೆ.”

ಮುರಗೆಪ್ಪನಿಗೆ ಅಳು ಬಂತು. ಅಳುತ್ತಲೇ ಹೊರಗೆ ನೋಡಿದ. ಅಮಿತ ಒಂದು ಕುಕ್ಕರನ್ನು ಗಾಡಿಗೆ ಕಟ್ಟುತ್ತಿದ್ದ. ಮುರಗೆಪ್ಪ ಓಡಿಹೋಗಿ ಅದನ್ನು ಹಿಡಿದುಕೊಂಡ.

“ಇದನ್ನ ಇಲ್ಲೇ ಬಿಡ್ರಿ ಸಾಹೇಬ್ರ. ಈಗ ಖರೇನ ಬ್ಯಾರೆ ಆಗೀವಿ.”

“ಆಫರ್ ಇವತ್ತ ಐದಕ್ಕ ಮುಗೀತ್ರಿ,” ಎಂದು ಅಮಿತ ಮೆಲ್ಲಗೆ ಅವನ ಕೈ ಬಿಡಿಸಿದ. “ಬರೂ ತಿಂಗಳ ಹೆಣ್ಮಕ್ಕಳ ಖಾತೆಗೆ ಮಿಕ್ಸರ್ ಐತಿ, ಮನಿಗೊಂದು. ನಿಮಗ ಎರಡ ಬರ್ತಾವ್ರಿ. ಸುಳ್ಳ ಹೇಳೂ ಕೆಲಸಾನ ಇಲ್ಲ.”