ಎರಡು ಬ್ರೇಕ್ ಡಿಸ್ಕು, ಊರೂರ ತೀರ್ಪು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಮಸ್ಕತ್ತಿನ ಗುಡ್ಡದಲ್ಲಿ, ಕಠ್ಮಂಡುವಿನ ಕೆಸರಿನಲ್ಲಿ, ನೈರೋಬಿಯ ಜಾಮಿನಲ್ಲಿ ಗಾಡಿ ಓಡಿಸಿದ್ದೇನೆ. ಅಲ್ಲೆಲ್ಲ ಗಾಡಿ ಕೆಟ್ಟರೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ನಮ್ಮ ಕಡೆ ಮೆಕ್ಯಾನಿಕ್ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲು ಬರುತ್ತಾರೆ.

ಹಲ್ಲಿನ ಸೆಟ್ಟು

ಈಗ ಚಿತ್ತಾಪುರದಲ್ಲಿ ಅವ್ವನ ಜೊತೆ ಇದ್ದೇನೆ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳಿಗೆ ಪ್ಯಾಕಿಂಗ್ ಕಲಿಸುತ್ತ ಹಳೆಯ ಕಾರಿನಲ್ಲಿ ಊರೂರು ತಿರುಗುತ್ತೇನೆ. ಅವ್ವ ಪಕ್ಕದ ಸೀಟಿನಲ್ಲಿ ಕೂತು ಜೊತೆಗೆ ಬರುತ್ತಾಳೆ. ಇಷ್ಟು ಜಗತ್ತು ಸುತ್ತಿದ ಮೇಲೆ ನನ್ನ ಡ್ರೈವಿಂಗಿಗೆ ಹೆದರದೆ ಕೂಡಲು ಉಳಿದವಳು ಅವಳೊಬ್ಬಳೇ.

ಆದರೆ ಕಳೆದ ತಿಂಗಳಿಂದ ಬ್ರೇಕ್ ಒತ್ತಿದರೆ ಸ್ಟೇರಿಂಗು, ಸೀಟು, ಅವ್ವ, ಮೂರೂ ನಡುಗತೊಡಗಿದವು. ರಾವೂರ ದಾಟಿ ಬರುವಾಗ ಒಂದು ಎಮ್ಮೆಗಾಗಿ ಬ್ರೇಕ್ ಹಾಕಿದೆ. ಗಾಡಿ ನಿಂತಿತು, ಅವ್ವ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

"ಏನಾಯ್ತವ್ವಾ?"

"ನೀ ಬ್ರೇಕ್ ಹಾಕಿದ್ರ ನನ್ನ ಹಲ್ಲಿನ ಸೆಟ್ಟು ತಾನೇ ಮಾತಾಡ್ಲಿಕತ್ತದ. ಐತವಾರ ಚಿಂಚೋಳಿ ಆಚಿ ಐನಾಪುರಕ್ಕ ಮರಿಮಗಳ ತೊಟ್ಟಿಲ ಕಾರ್ಯಕ್ಕ ಹೋಗೂದದ. ಅಲ್ಲೀತನ ಹಿಂಗೇ ನಡುಗಿದ್ರ ನಾ ಸೇಡಂದಾಗ ಇಳದು ಬಸ್ ಹತ್ತತೀನಿ. ಮತ್ತ ನಿನ್ನ ಕಾರಿಗೆ ಕಾಲಿಡಂಗಿಲ್ಲ, ಹೇಳೀನಿ."

ಅವ್ವ ಹೇಳಿದ್ದನ್ನು ಮಾಡುವವಳು. ಅಪ್ಪನ ಸ್ಕೂಟರಿನಿಂದ ಹಿಂಗೇ ಒಮ್ಮೆ ಇಳಿದವಳು, ಅವನು ಅದನ್ನು ಮಾರುವತನಕ ಹತ್ತಲಿಲ್ಲ.

ಉಗುರು

ಗ್ಯಾರೇಜಿನ ಮೇಸ್ತ್ರಿ ಚಕ್ರ ಬಿಚ್ಚಿದ. ಬ್ರೇಕ್ ಪ್ಯಾಡು ಸವೆದು ಬರೀ ಕಬ್ಬಿಣದ ತಗಡು ಉಳಿದಿತ್ತು. ಅದು ಒತ್ತುವ ಉಕ್ಕಿನ ಡಿಸ್ಕಿನ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಯಂತೆ ಗೆರೆಗಳು.

"ಪ್ಯಾಡ್ ಅಂತೂ ಹೊಸಾವ ಹಾಕಬೇಕ್ರಿ. ಡಿಸ್ಕ್ ಲೇಥಿಗೆ ಕೊಟ್ಟು ಸಮ ಮಾಡಸಬೇಕೋ, ಹಂಗೇ ಬಿಡಬೇಕೋ ಅನ್ನೂದೇ ಸವಾಲು."

"ಹೆಂಗ ಗೊತ್ತಾಗ್ತದ?"

"ಉಗುರು ಆಡಸಬೇಕ್ರಿ. ಗೆರ್‍ಯಾಗ ಸಿಗಬಿತ್ತಂದ್ರ ಲೇಥು. ಜಾರಿ ಹೋಯ್ತಂದ್ರ ಬೇಕಾಗಿಲ್ಲ. ನನ್ನ ಉಗುರು ಪಾನಾ ತಿರುವಿ ತಿರುವಿ ಹೋಗ್ಯಾವ. ನಿಮ್ಮವು ಉದ್ದ ಅವ, ನೀವೇ ನೋಡ್ರಿ."

ನೋಡಿದೆ. ಉಗುರು ಪಟ್ಟನೆ ಮುರಿಯಿತು.

ಮೇಸ್ತ್ರಿ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ಪರೀಕ್ಷಿಸಿದ. "ಬರಾಬರ್. ಶಹಾಬಾದಿನಾಗ ಲೇಥ್ ಅದ, ಹೋಗಿ ಬರ್ರಿ."

ಬಚ್ಚಲ ಫಿನಿಶ್

ಕಾರು ಗ್ಯಾರೇಜಿನಲ್ಲಿ ಇಟ್ಟಂಗಿ ಮೇಲೆ ಕೂತಿತ್ತು. ಎರಡೂ ಡಿಸ್ಕನ್ನು ಜೋಳದ ಚೀಲದಲ್ಲಿ ಹೊತ್ತು ಬಸ್ ಹತ್ತಿದೆ. ಕಂಡಕ್ಟರು ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, "ಹೆಣ್ಮಕ್ಕಳಿಗೆ ಪುಕ್ಕಟೆ ಅದ್ರಿ. ಈ ಚೀಲ ಹೆಣ್ಣೋ ಗಂಡೋ?" ಎಂದ.

ಶಹಾಬಾದಿನಲ್ಲಿ ಲೇಥಿನವನು ಊಟಕ್ಕೆ ಹೋಗಿದ್ದ. ಪಕ್ಕದ್ದು ಕಲ್ಲಿನ ಪಾಲಿಶ್ ಅಂಗಡಿ. ಅದರ ಮಾಲಕರು ಎದ್ದು ಬಂದು ಡಿಸ್ಕಿನ ಮೇಲೆ ಅಂಗೈ ಸವರಿದರು. ಆ ಊರಿನಲ್ಲಿ ಅಂಗೈ ಸವರದೆ ಯಾವುದರ ಬಗ್ಗೆಯೂ ಅಭಿಪ್ರಾಯ ಕೊಡುವುದಿಲ್ಲ.

"ಪೂರಾ ಕಚ್ಚಾ ಅದಲ್ರಿ ಇದು! ಇಲ್ಲಿ ತರ್ರಿ, ಹತ್ತು ಮಿನಿಟು ಮಷಿನ್ ಹೊಡೀತೀನಿ. ನಿಮ್ಮ ಮಾರಿ ಕಾಣಂಗ ಮಾಡಿ ಕೊಡ್ತೀನಿ."

"ಮಾರಿ ಕಾಣಂಗ ನುಣ್ಣಗಾದ್ರ ಗಾಡಿ ಜಾರ್ತದ್ರಿ."

ಅವರು ಗಂಭೀರವಾಗಿ ಯೋಚಿಸಿದರು. "ಹಂಗಾದ್ರ ಪಾಲಿಶ್ ಬ್ಯಾಡ. ಬಚ್ಚಲ ಫಿನಿಶ್ ಮಾಡ್ತೀನಿ, ಜರಾ ಖರಖರ. ನಮ್ಮ ಬಚ್ಚಲ ಕಲ್ಲಿನ ಮ್ಯಾಲ ಇಲ್ಲೀತನ ಒಬ್ಬರೂ ಜಾರಿ ಬಿದ್ದಿಲ್ರಿ."

ಅಷ್ಟರಲ್ಲಿ ಲೇಥಿನವನು ಬಂದು ನನ್ನ ಡಿಸ್ಕನ್ನು ಬಚ್ಚಲಾಗದಂತೆ ಉಳಿಸಿದ. ಕ್ಯಾಲಿಪರ್ ಹಚ್ಚಿ ದಪ್ಪ ಅಳೆದ. ಅಂಚಿನ ಮೇಲೆ ಕೊರೆದ ಅಂಕಿ ತೋರಿಸಿ, ಇದಕ್ಕಿಂತ ತೆಳುವಾದರೆ ಹಾಕಬಾರದು ಎಂದ.

"ಇದು ದಂಡಿಗೆ ಬಂದು ಕುಂತದ್ರಿ. ನಾ ಸವಸಿದ್ರ ಹಪ್ಪಳ ಆಗ್ತದ. ಸವಸಲಿಲ್ಲಂದ್ರ ಗೆರಿ ಹಂಗೇ ಉಳೀತಾವ. ಗೆರಿ ಅಷ್ಟೇ ಅಂದ್ರ ನಡೀತದ. ನಡುಗ್ತದ ಅಂತೀರಿ, ಅದಕ್ಕ ನಾ ಏನೂ ಹೇಳಂಗಿಲ್ಲ. ನಿಮ್ಮ ಮರ್ಜಿ."

ಹತ್ತು ಕಿಲೋ ಮರ್ಜಿ ಹೊತ್ತುಕೊಂಡು ಹೊರಬಿದ್ದೆ.

ವಾಡಿಯ ಸಲಹೆ

ವಾಡಿಯಲ್ಲಿ ಬಸ್ ಬದಲಿಸಬೇಕಿತ್ತು. ಚಹಾದ ಅಂಗಡಿಯ ಬೆಂಚಿನಲ್ಲಿ ಒಬ್ಬ ಹಿರಿಯರು ಜಾಗ ಕೊಟ್ಟರು. ರೈಲ್ವೆಯಲ್ಲಿ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದವರು. ಚೀಲದೊಳಗೆ ಇಣುಕಿ ನನ್ನ ಸಂಕಟ ಪೂರ್ತಿ ಕೇಳಿಸಿಕೊಂಡರು.

"ತಂಗಿ, ತಪ್ಪು ಡಿಸ್ಕಿಂದಲ್ಲ. ನೀವು ಕಾರಿನವರು ಹೊತ್ತಿಗೆ ಸರಿಯಾಗಿ ಬ್ರೇಕೇ ಒತ್ತಂಗಿಲ್ಲ. ಎಮ್ಮಿ ಕಂಡ ಮ್ಯಾಲ ಒತ್ತತೀರಿ."

"ಮತ್ತ ಯಾವಾಗ ಒತ್ತಬೇಕ್ರಿ?"

"ಎಮ್ಮಿ ಇನ್ನಾ ಕೊಟ್ಟಿಗ್ಯಾಗ ಇದ್ದಾಗ. ಚಿತ್ತಾಪುರದಾಗ ನಿಂದ್ರಬೇಕಂದ್ರ ಇಲ್ಲಿಂದೇ ಒತ್ತೂದು ಚಾಲೂ ಮಾಡವ್ವಾ."

ಸಂತೆಯ ಪರೀಕ್ಷೆ

ಮನೆಗೆ ಬಂದು ಚೀಲವನ್ನು ಅಡುಗೆಮನೆಯಲ್ಲಿ ಇಳಿಸಿ ಸೋತು ಕೂತೆ. ಅವ್ವ ಒಂದು ಡಿಸ್ಕನ್ನು ಹೊರತೆಗೆದಳು. ಸಂತೆಯಲ್ಲಿ ರೊಟ್ಟಿ ಹಂಚು ಕೊಳ್ಳುವಾಗ ಅವಳು ಅಂಗಡಿಯವನ ಮಾತು ಕೇಳುವುದಿಲ್ಲ. ಹಂಚನ್ನು ಸಪಾಟು ಕಲ್ಲಿನ ಮೇಲೆ ಬೋರಲು ಹಾಕಿ ಎದುರುಬದುರು ಅಂಚನ್ನು ಎರಡು ಬೆರಳಿನಿಂದ ಒತ್ತಿ ನೋಡುತ್ತಾಳೆ. ಈಗಲೂ ಅದನ್ನೇ ಮಾಡಿದಳು.

ಟಕ್. ಟಕ್. ಡಿಸ್ಕು ಅಡುಗೆಮನೆಯ ಕಲ್ಲುಹಾಸಿನ ಮೇಲೆ ತೊಟ್ಟಿಲಿನಂತೆ ತೂಗಿತು.

"ಡೊಂಕಾಗ್ಯದ," ಎಂದಳು. "ಇಂಥಾ ಹಂಚಿನ ಮ್ಯಾಲ ರೊಟ್ಟಿ ಹಾಕಿದ್ರ ಒಂದು ಕಡಿ ಕರ್ರಗ, ಒಂದು ಕಡಿ ಹಸಿ. ಕಾರು ನಡುಗ್ದೇ ಏನ್ ಮಾಡ್ತದ? ಲೇಥೂ ಬ್ಯಾಡ, ಪಾಲಿಶೂ ಬ್ಯಾಡ. ಹೊಸಾವ ತಗೊ."

ಮರುದಿನ ಅವ್ವ ಖುದ್ದಾಗಿ ಗ್ಯಾರೇಜಿಗೆ ಬಂದು ತೀರ್ಪು ಹೇಳಿದಳು. ಮೇಸ್ತ್ರಿಗೆ ಸ್ವಲ್ಪ ಅವಮಾನವಾಯಿತು.

"ಯವ್ವಾ, ಸಪಾಟು ನೆಲದ ಮ್ಯಾಲ ಇಟ್ಟು ನೋಡೂದು ನಮಗೂ ಗೊತ್ತದ."

"ಮತ್ತ ಯಾಕ ನೋಡ್ಲಿಲ್ಲಪಾ?"

ಅವನು ಕಾಲಿನ ಕೆಳಗೆ ನೋಡಿದ. "ನಮ್ದು ಮಣ್ಣಿನ ನೆಲ ಅದ."

ಪರಿಚಯ

ಐತವಾರ ಬೆಳಿಗ್ಗೆ ಹೊಸ ಡಿಸ್ಕು, ಹೊಸ ಪ್ಯಾಡು ಕೂಡಿಸಿ ಕೀಲಿ ಕೊಡುವಾಗ ಮೇಸ್ತ್ರಿ ಒಂದು ಮಾತು ಹೇಳಿದ. "ಎರಡೂ ಹೊಸಾವ, ಒಂದಕ್ಕೊಂದು ಪರಿಚಯ ಆಗಬೇಕ್ರಿ. ಖಾಲಿ ರೋಡಿನ್ಯಾಗ ಅರವತ್ತಕ್ಕ ಹೋಗ್ರಿ, ಮೆಲ್ಲಗ ಒತ್ತಿ ಇಪ್ಪತ್ತಕ್ಕ ಇಳಸ್ರಿ, ಮತ್ತ ಬಿಡ್ರಿ. ಹಿಂಗ ಒಂದಿಪ್ಪತ್ತು ಸಲ."

ಸೇಡಂತನಕ ಜನ, ಲಾರಿ, ಸಿಮೆಂಟಿನ ಧೂಳು. ಸೇಡಂ ಬಸ್ ಸ್ಟ್ಯಾಂಡಿನ ಮುಂದೆ ನಿಧಾನ ಮಾಡಿ ಅವ್ವನ ಮುಖ ನೋಡಿದೆ. ಅವಳು ಹಲ್ಲು ಬಿಗಿಹಿಡಿದು ಯೋಚಿಸಿದಳು. "ನಡಿ, ನೋಡೂಣು," ಎಂದಳು. ಚಿಂಚೋಳಿ ರಸ್ತೆ ಖಾಲಿ ಸಿಕ್ಕಿತು. ಪರಿಚಯ ಚಾಲೂ ಮಾಡಿದೆ.

ನಾನು ಒಂದನ್ನು ಮರೆತಿದ್ದೆ. ನಮ್ಮ ಕಡೆ ರಸ್ತೆಯ ಮೇಲೆ ಯಾವ ಗಾಡಿ ನಿಧಾನವಾದರೂ ಅದು ನಮ್ಮನ್ನು ಹತ್ತಿಸಿಕೊಳ್ಳಲಿಕ್ಕೇ ಎಂದು ಜನ ತಿಳಿಯುತ್ತಾರೆ.

ಮೊದಲನೇ ಸಲ ಇಪ್ಪತ್ತಕ್ಕೆ ಇಳಿಸಿದ್ದು ಒಂದು ಬೇವಿನ ಗಿಡದ ಹತ್ತಿರ. ಕೆಳಗೆ ಕೂತಿದ್ದ ಮುದುಕರೊಬ್ಬರು ಕೋಲು ಎತ್ತಿಕೊಂಡು ಓಡಿ ಬಂದರು. ನಾನು ವೇಗ ಏರಿಸಿದೆ.

"ನಿಂದ್ರಸು!" ಎಂದಳು ಅವ್ವ. "ಕರದು ಬಿಟ್ಟು ಹೋಗ್ತಿ ಏನ?"

"ನಾ ಕರೀಲಿಲ್ಲವ್ವಾ, ಬ್ರೇಕ್ ಪಳಗಸ್ಲಿಕತ್ತೀನಿ!"

"ಅವರಿಗೇನ್ ಗೊತ್ತು ಪಾಪ?"

ಮುದುಕರು ಹತ್ತಿದರು. ಎರಡನೇ ಬ್ರೇಕಿಗೆ ಬದನೆಕಾಯಿ ಬುಟ್ಟಿಯ ಹೆಣ್ಣುಮಗಳು ಹತ್ತಿದಳು. ಮೂರನೆಯದಕ್ಕೆ ಕೋಳಿ ಹಿಡಿದ ಗಂಡಸು. ಹಿಂದಿನ ಸೀಟು ತುಂಬಿತು, ಬ್ರೇಕ್ ಇನ್ನೂ ಹದಿನೇಳು ಬಾಕಿ. ನಾಲ್ಕನೆಯ ಸಲ ನಿಧಾನ ಮಾಡಿದಾಗ ಅವ್ವ ಕಿಟಕಿಯಿಂದ ತಲೆ ಹೊರಹಾಕಿ ಓಡಿ ಬರುತ್ತಿದ್ದವರಿಗೆ ತಾನೇ ಕೂಗಿದಳು: "ಸೀಟಿಲ್ರೀ! ಹಿಂದಿಂದು ಬರ್ತದ!"

ಹಿಂದೆ ಯಾವುದೂ ಬರುತ್ತಿರಲಿಲ್ಲ.

"ಭಾಳ ಮರ್ಯಾದಸ್ಥರು ನಿಮ್ಮ ಡ್ರೈವರಮ್ಮ," ಎಂದರು ಮುದುಕರು. "ಜಾಗ ಇಲ್ಲಂದ್ರೂ ಪ್ರತಿಯೊಬ್ಬರ ಮುಂದ ನಿಧಾನ ಮಾಡಿ ಮಾರಿ ನೋಡಿ ಹೋಗ್ತಾರ."

ಚಿಂಚೋಳಿ ಬರುವಷ್ಟರಲ್ಲಿ ಇಪ್ಪತ್ತೂ ಮುಗಿದವು. ಗಾಡಿ ಬೆಣ್ಣೆಯಂತೆ ನಿಂತಿತು. ಸ್ಟೇರಿಂಗು ನಡುಗಲಿಲ್ಲ, ಸೀಟು ನಡುಗಲಿಲ್ಲ, ಕೋಳಿ ಕೂಡ ನಿದ್ದೆ ಮಾಡಿತ್ತು. ಮೂವರೂ ಇಳಿದರು. ಅವ್ವ ತಾನೂ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಳು. ಇಷ್ಟೆಲ್ಲ ಮಾಡಿಯೂ ಕಡೆಗೆ ಬಸ್ಸಿಗೇ ಹೋಗುತ್ತಾಳೆ ಎಂದುಕೊಂಡೆ.

ಅವಳು ಕಾರಿನ ಬಾಗಿಲು ಹಿಡಿದು ನಿಂತು ಮೂವರಿಗೂ ಕೇಳಿಸುವಂತೆ ಹೇಳಿದಳು:

"ನಾಳಿ ಮುಂಜಾನಿ ಹತ್ತಕ್ಕ ವಾಪಸ್ ಸೇಡಂಕ್ಕ ಹೋಗ್ತೀವಿ. ಇಲ್ಲೇ ನಿಂತಿರ್ರಿ. ಮುಂದಿನ ಸೀಟು ಮಾತ್ರ ಕೇಳಬ್ಯಾಡ್ರಿ, ಅದು ನಂದು."